ಅಭ್ಯಂಗಕ್ಕೆ ಬಂದವರ ಕಾಲು ಊದಿದ್ದರೆ ವಿದ್ಯಾರ್ಥಿ ಏನು ಮಾಡಬೇಕು?

ಪ್ರಶ್ನೆ: ನಾನು ಪಂಚಕರ್ಮ ತರಬೇತಿಯ ವಿದ್ಯಾರ್ಥಿನಿ. ಒಂದೇ ಮೀನಖಂಡ ಊದಿ ಬಿಸಿಯಾಗಿರುವವರು ‘ಗಟ್ಟಿಯಾಗಿ ತಿಕ್ಕಿ’ ಎಂದು ಒತ್ತಾಯಿಸಿದರೆ ಹೇಗೆ ನಡೆದುಕೊಳ್ಳಬೇಕು?

ಉತ್ತರ 1: ಆ ಕಾಲನ್ನು ಉಜ್ಜದೆ ಕೂಡಲೇ ಮೇಲ್ವಿಚಾರಕ ವೈದ್ಯರನ್ನು ಕರೆಯಿರಿ. ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಉಜ್ಜಿದಾಗ ಅದರ ತುಣುಕು ಕಳಚಿ ಶ್ವಾಸಕೋಶ ಸೇರಬಹುದು. ಅದು ಪ್ರಾಣಕ್ಕೇ ಅಪಾಯ. ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿತ್ತೇ, ದೀರ್ಘ ಪ್ರಯಾಣ ಮಾಡಿದ್ದರೇ ಎಂದು ಕೇಳಿ ಬರೆದಿಟ್ಟುಕೊಂಡರೆ ವೈದ್ಯರಿಗೆ ಅನುಕೂಲವಾಗುತ್ತದೆ.

ಉತ್ತರ 2: ‘ವೈದ್ಯರು ನೋಡಿದ ಮೇಲೆ ಮುಂದುವರಿಸೋಣ’ ಎಂದು ಸೌಜನ್ಯದಿಂದಲೇ ಹೇಳಿ. ಬೇಡ ಎನ್ನುವ ಅಧಿಕಾರ ವಿದ್ಯಾರ್ಥಿಗೂ ಇರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 3: ಜ್ವರವಿದ್ದವರಿಗೂ ಅಭ್ಯಂಗ ಸಲ್ಲದು, ಅಜೀರ್ಣವಿದ್ದವರನ್ನಂತೂ ಪ್ರಾಚೀನ ಆಯುರ್ವೇದ ಗ್ರಂಥಕಾರ ವಾಗ್ಭಟನೇ ಹೊರಗಿಟ್ಟಿದ್ದಾನೆ. ಎಣ್ಣೆಯನ್ನು ನೇರ ಉರಿಯ ಮೇಲಿಡದೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗಾಗಿಸಿ, ಮೊದಲು ನಿಮ್ಮ ಮಣಿಕಟ್ಟಿನ ಮೇಲೆ ಹನಿಸಿ ನೋಡಿ.