ಸಹಾಯ ಬೇಕು: ಹಳೆಯ ಡೆಸ್ಕ್‌ಟಾಪ್‌ನಲ್ಲಿ ಎಂಎಂಎ, ಆದರೆ ಸದ್ದು ತುಂಡಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಹಾಡಿನ ಅಭ್ಯಾಸಕ್ಕೆ ಹಿನ್ನೆಲೆ ವಾದ್ಯ ಬೇಕೆಂದು ಹಳೆಯ ಡೆಸ್ಕ್‌ಟಾಪ್‌ಗೆ ಎಂಎಂಎ, ಅಂದರೆ ಮ್ಯೂಸಿಕಲ್ ಮಿಡಿ ಅಕಂಪನಿಮೆಂಟ್ ಹಾಕಿದ್ದೇನೆ. 32 ಬಿಟ್ ಪ್ರೊಸೆಸರ್, 1 ಜಿಬಿ ಮೆಮೊರಿ, ಡೆಬಿಯನ್ ಲಿನಕ್ಸ್. ಟೆಕ್ಸ್ಟ್ ಫೈಲಿನಲ್ಲಿ ಟೆಂಪೊ, ಗ್ರೂವ್ (ಹಿನ್ನೆಲೆ ವಾದ್ಯಗಳ ಲಯದ ನಮೂನೆ) ಹೆಸರು, ಕಾರ್ಡ್‌ಗಳನ್ನು (ಸ್ವರಗುಚ್ಛಗಳನ್ನು) ಬರೆದು ಟರ್ಮಿನಲ್‌ನಲ್ಲಿ ಕೊಟ್ಟರೆ ಮಿಡಿ ಫೈಲ್ (ಯಾವ ಸ್ವರ ಯಾವಾಗ ಎಂಬ ಸೂಚನೆಗಳ ಫೈಲ್) ಸಿದ್ಧ. ಇಷ್ಟು ಹಳೆಯ ಯಂತ್ರಕ್ಕೆ ಇಷ್ಟು ಚೆನ್ನಾಗಿ ಹೊಂದುವ ತಂತ್ರಾಂಶ ನನಗೆ ಬೇರೆ ಸಿಕ್ಕಿಲ್ಲ. ಪೈಥಾನ್ 3 ಇತ್ತು, ಅಲ್ಲಿಯವರೆಗೆ ತೊಡಕಿಲ್ಲ.

ತೊಂದರೆ ಇರುವುದು ನುಡಿಸುವಾಗ. ಎಂಎಂಎ ತಾನು ಸದ್ದು ಮಾಡುವುದಿಲ್ಲವಲ್ಲ, ಅದಕ್ಕೆ ಮಿಡಿಯನ್ನು ಸದ್ದಾಗಿಸುವ ಫ್ಲೂಯಿಡ್‌ಸಿಂತ್ ಬಳಸುತ್ತಿದ್ದೇನೆ. ನನ್ನ ಸೌಂಡ್‌ಫಾಂಟ್ (ವಾದ್ಯಗಳ ಸದ್ದಿನ ಮಾದರಿಗಳಿರುವ ಫೈಲ್) ಸುಮಾರು 140 ಎಂಬಿ. ರಿವರ್ಬ್, ಕೋರಸ್ ಎಂಬ ಸದ್ದಿನ ಪರಿಣಾಮಗಳೆರಡನ್ನೂ ನಿಲ್ಲಿಸಿ, ಸ್ಯಾಂಪಲ್ ರೇಟ್ 22050ಕ್ಕೆ ಇಳಿಸಿದ ಮೇಲೆ ಎಷ್ಟೋ ವಾಸಿ. ಆದರೂ ಡ್ರಮ್, ಬೇಸ್, ಸ್ಟ್ರಿಂಗ್ಸ್ ಒಟ್ಟಿಗೆ ಬಂದ ಕೂಡಲೇ ಸದ್ದು ತುಂಡು ತುಂಡಾಗುತ್ತದೆ. ಮೊದಲೇ ವೇವ್ ಫೈಲ್ ಮಾಡಿಕೊಂಡು ಕೇಳಿದರೆ ಏನೂ ತೊಂದರೆಯಿಲ್ಲ. ಆದರೆ ಅಭ್ಯಾಸದಲ್ಲಿ ಟೆಂಪೊ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಬೇಕು; ಪ್ರತಿ ಸಲ ಹೊಸ ಫೈಲಿಗೆ ಕಾಯುವಷ್ಟರಲ್ಲಿ ಹಾಡುವ ಓಘವೇ ಹೋಗಿಬಿಡುತ್ತದೆ.

ಇಂಥ ಯಂತ್ರದಲ್ಲಿ ಫ್ಲೂಯಿಡ್‌ಸಿಂತ್ ಬದಲು ಟಿಮಿಡಿಟಿ ಹಗುರವಾಗಿ ನಡೆಯುತ್ತದೆಯೇ? ಪಾಲಿಫೋನಿ (ಒಮ್ಮೆಗೆ ನುಡಿಯಬಲ್ಲ ಸ್ವರಗಳ ಸಂಖ್ಯೆ) ಎಷ್ಟಕ್ಕೆ ಇಳಿಸಿದರೆ ಸ್ವರಗಳು ಬಿಟ್ಟುಹೋಗದೆ ಉಳಿಯುತ್ತವೆ? ಡ್ರಮ್, ಬೇಸ್ ಸ್ಪಷ್ಟವಾಗಿ ಕೇಳಿಸುವ ಚಿಕ್ಕ ಸೌಂಡ್‌ಫಾಂಟ್ ಯಾವುದಾದರೂ ಬಳಸಿದ್ದರೆ ದಯವಿಟ್ಟು ಹೆಸರು ತಿಳಿಸಿ. ಪಿಯಾನೊ ಹೇಗಿದ್ದರೂ ಸರಿ, ತಾಳ ಮಾತ್ರ ಗಟ್ಟಿಯಾಗಿ ಕೇಳಬೇಕು.

ಇನ್ನೊಂದು ಚಿಕ್ಕ ವಿಷಯ: ನಾನೇ ಬರೆದ 6/8 ಗ್ರೂವ್‌ಗಳನ್ನು ಹೋಮ್ ಫೋಲ್ಡರ್‌ನಲ್ಲೇ ಇಟ್ಟು, ಹೆಸರಿನಿಂದ ಕರೆಯುವುದು ಹೇಗೆ? ಹಾಗೆ ಮಾಡಿದವರು ನಿಮ್ಮ ಎಂಎಂಎ ಆರ್‌ಸಿ ಫೈಲಿನ (ಸೆಟ್ಟಿಂಗ್ ಫೈಲಿನ) ಆ ಸಾಲುಗಳನ್ನು ಇಲ್ಲಿ ಹಾಕಿದರೆ ತುಂಬಾ ಉಪಕಾರವಾಗುತ್ತದೆ.