ಥಾರ್‌ಪಾರ್ಕರ್ ನಕ್ಷೆ: ಎರಡು ತಾಲೂಕು ಖಾಲಿ, ಜನಸಾಂದ್ರತೆ ಹತ್ತು ಲಕ್ಷ! ಕ್ಯೂಜಿಐಎಸ್ ಗೊತ್ತಿರುವವರು ನೋಡಿ

ಎರೆಮಣ್ಣು

ನಮಸ್ಕಾರ ಎಲ್ಲರಿಗೂ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಹಳೆಯ ಮುಂಬೈ ಪ್ರಾಂತ್ಯದ ಜಿಲ್ಲೆಗಳ ನಕ್ಷೆ ಮಾಡುವುದು ನನ್ನ ಬಿಡುವಿನ ಕೆಲಸ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಮುಗಿದಿವೆ. 1936ರ ತನಕ ಸಿಂಧ್ ಕೂಡ ಅದೇ ಪ್ರಾಂತ್ಯದಲ್ಲಿತ್ತು. ಹಾಗಾಗಿ ಈಗ ಥಾರ್‌ಪಾರ್ಕರ್ ಹಿಡಿದಿದ್ದೇನೆ. ಪಾಕಿಸ್ತಾನದ ಆಗ್ನೇಯ ಮೂಲೆಯ ಜಿಲ್ಲೆ. ಜಿಲ್ಲಾ ಕೇಂದ್ರ ಮಿಠಿ. ಪೂರ್ವಕ್ಕೆ ರಾಜಸ್ಥಾನ, ದಕ್ಷಿಣಕ್ಕೆ ಕಚ್ಛದ ರಣ್ ಎಂಬ ಉಪ್ಪು ಬಯಲು.

ನನ್ನ ಹತ್ತಿರ ಇರುವುದು ಎರಡೇ. ನೆಟ್‌ನಲ್ಲಿ ಸಿಕ್ಕ ತಾಲೂಕು ಗಡಿಗಳ ಶೇಪ್‌ಫೈಲ್ (ನಕ್ಷೆಯ ಗಡಿ ಕಡತ), ಮತ್ತೆ 2023ರ ಜನಗಣತಿಯ ಪಟ್ಟಿ, ಸಿಎಸ್‌ವಿ (ಸಾದಾ ಕೋಷ್ಟಕ) ರೂಪದಲ್ಲಿ. ತಾಲೂಕಿನ ಹೆಸರು ಹೊಂದಿಸಿ ಎರಡನ್ನೂ ಜೋಡಿಸಿದೆ, ಅಂದರೆ ಜಾಯಿನ್ ಮಾಡಿದೆ. ಆಗಿರುವ ತೊಂದರೆಗಳು ಇವು:

ಮಿಠಿ ಮತ್ತು ಡೀಪ್ಲೊ ತಾಲೂಕುಗಳಿಗೆ ಪಟ್ಟಿಯ ಅಂಕಿ ಸೇರಿಕೊಂಡಿತು. ಛಾಛ್ರೊ, ನಗರ್‌ಪಾರ್ಕರ್ ಖಾಲಿ ತೋರಿಸುತ್ತಿವೆ. ಗಡಿ ಕಡತದಲ್ಲಿ ನಾಲ್ಕು ತಾಲೂಕು, ಪಟ್ಟಿಯಲ್ಲಿ ಏಳು. ನಕ್ಷೆಯಲ್ಲಿರುವ ಜನರನ್ನೆಲ್ಲ ಕೂಡಿಸಿದರೆ ಜಿಲ್ಲೆಯ ಮೊತ್ತದ ಅರ್ಧವೂ ಬರುವುದಿಲ್ಲ. ಇನ್ನು ಇಡೀ ಜಿಲ್ಲೆಯ ಜನಸಾಂದ್ರತೆ ತೆಗೆದರೆ ಹತ್ತು ಲಕ್ಷದ ಮೇಲೆ ಬರುತ್ತಿದೆ. ಮರುಭೂಮಿ ಸ್ವಾಮಿ ಅದು! ಬಣ್ಣ ತುಂಬಲು ಗ್ರಾಜುಯೇಟೆಡ್ (ಅಂಕಿಗೆ ತಕ್ಕಂತೆ ಬಣ್ಣ) ಆರಿಸಿದರೆ ಜನಸಂಖ್ಯೆಯ ಕಾಲಂ ಪಟ್ಟಿಯಲ್ಲೇ ಕಾಣಿಸುವುದಿಲ್ಲ.

ಎಲ್ಲಿಂದ ಶುರು ಮಾಡಲಿ?

ಗುಂಡುಸೂಜಿ

ಕೊನೆಯದು ಸುಲಭ. ಆಟ್ರಿಬ್ಯೂಟ್ ಟೇಬಲ್ (ನಕ್ಷೆಯ ಹಿಂದಿನ ಕೋಷ್ಟಕ) ತೆರೆದು ನೋಡಿ, ಜನಸಂಖ್ಯೆಯ ಅಂಕಿ ಎಡಕ್ಕೆ ಅಂಟಿಕೊಂಡಿದೆಯಾ? ಹಾಗಿದ್ದರೆ ಅದು ಅಂಕಿಯಲ್ಲ, ಪಠ್ಯ. ಪಟ್ಟಿಯಲ್ಲಿ 1,778,407 ಅಂತ ಕಾಮಾ ಹಾಕಿರುತ್ತಾರೆ. ಕಾಮಾ ತೆಗೆದು, ಹೊಸ ಇಂಟಿಜರ್ (ಪೂರ್ಣಾಂಕ) ಕಾಲಂ ಮಾಡಿಕೊಳ್ಳಿ.

ಎರೆಮಣ್ಣು

ಕಾಮಾ ತೆಗೆದೆ, ಗ್ರಾಜುಯೇಟೆಡ್ ಕೆಲಸ ಮಾಡಿತು. ಥ್ಯಾಂಕ್ಸ್. ಖಾಲಿ ತಾಲೂಕು, ಹತ್ತು ಲಕ್ಷ ಎರಡೂ ಹಾಗೇ ಇವೆ. ಲೇಯರನ್ನು (ನಕ್ಷೆಯ ಪದರ) ನೆಟ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಪ್ರೊಜೆಕ್ಷನ್‌ಗೆ ಬದಲಿಸಿ ನೋಡಿದೆ. ಈಗ ವಿಸ್ತೀರ್ಣ 24 ಸಾವಿರ ಚದರ ಕಿಮೀ ಹತ್ತಿರ ಬರುತ್ತಿದೆ. ಸರ್ಕಾರಿ ಲೆಕ್ಕ 19,600 ಚಿಲ್ಲರೆ. ಇಷ್ಟು ಜಾಸ್ತಿ ಹೇಗೆ?

ಸರ್ವೆಕಲ್ಲು

ಒಂದೊಂದಾಗಿ ಬಿಡಿಸೋಣ.

ಮೊದಲು ವಿಸ್ತೀರ್ಣ. ನಿಮ್ಮ ಮೂಲ ಕಡತ ಇಪಿಎಸ್‌ಜಿ 4326 ಎಂಬ ನಿರ್ದೇಶಾಂಕ ಪದ್ಧತಿಯಲ್ಲಿತ್ತು ಅನಿಸುತ್ತದೆ, ಅಂದರೆ ಅಕ್ಷಾಂಶ ರೇಖಾಂಶ. ಅದರಲ್ಲಿ ಸಾದಾ ಏರಿಯಾ ಫಂಕ್ಷನ್ ಹಾಕಿದರೆ ಉತ್ತರ ಚದರ ಡಿಗ್ರಿಯಲ್ಲಿ ಬರುತ್ತದೆ. ಆ ಅಕ್ಷಾಂಶದಲ್ಲಿ ಒಂದು ಚದರ ಡಿಗ್ರಿ ಅಂದರೆ 11 ಸಾವಿರ ಚದರ ಕಿಮೀಗಿಂತ ಸ್ವಲ್ಪ ಹೆಚ್ಚು. ಥಾರ್‌ಪಾರ್ಕರ್ ಸುಮಾರು 1.76 ಆಗುತ್ತದೆ. 17.78 ಲಕ್ಷ ಜನರನ್ನು 1.76ರಿಂದ ಭಾಗಿಸಿ ನೋಡಿ, ನಿಮ್ಮ ಹತ್ತು ಲಕ್ಷ ಎಲ್ಲಿಂದ ಬಂತು ಗೊತ್ತಾಗುತ್ತದೆ.

ವೆಬ್ ಮರ್ಕೇಟರ್ ಹಿನ್ನೆಲೆ ನಕ್ಷೆ ತೋರಿಸುವುದಕ್ಕೆ ಸರಿ, ಅಳೆಯುವುದಕ್ಕೆ ಅಲ್ಲ. ಸಮಭಾಜಕದಿಂದ ದೂರ ಹೋದಷ್ಟೂ ಅದು ಹಿಗ್ಗಿಸುತ್ತದೆ. 25 ಡಿಗ್ರಿ ಉತ್ತರದಲ್ಲಿ ವಿಸ್ತೀರ್ಣ ನೂರಕ್ಕೆ ಇಪ್ಪತ್ತರಷ್ಟು ಜಾಸ್ತಿ ತೋರಿಸುತ್ತದೆ. ನಿಮ್ಮ 24 ಸಾವಿರ ಅಲ್ಲಿಂದಲೇ. ಧಾರವಾಡದಲ್ಲಿ ಈ ಹಿಗ್ಗು ನೂರಕ್ಕೆ ಏಳು ಚಿಲ್ಲರೆ, ಅದಕ್ಕೇ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಜಿಲ್ಲೆ ಸರಿಸುಮಾರು 69ರಿಂದ 71 ಡಿಗ್ರಿ ಪೂರ್ವ ರೇಖಾಂಶದ ನಡುವೆ ಇದೆ. ಪೂರ್ತಿ ಯುಟಿಎಂ (ಮೀಟರಿನಲ್ಲಿ ಅಳೆಯುವ ಪದ್ಧತಿ) 42 ಉತ್ತರ ವಲಯದಲ್ಲೇ ಬರುತ್ತದೆ. ರೀಪ್ರಾಜೆಕ್ಟ್ ಮಾಡಿ ಇಪಿಎಸ್‌ಜಿ 32642ಗೆ ಹೊಸ ಲೇಯರ್ ಉಳಿಸಿ. ಗಮನಿಸಿ, ಲೇಯರಿನ ಸಿಆರ್‌ಎಸ್ (ನಿರ್ದೇಶಾಂಕ ಪದ್ಧತಿ) ಹೆಸರನ್ನು ಮಾತ್ರ ಬದಲಿಸಿದರೆ ನಕ್ಷೆ ಎಲ್ಲೋ ಹೋಗಿ ಕೂರುತ್ತದೆ, ರೀಪ್ರಾಜೆಕ್ಟ್ ಟೂಲನ್ನೇ ಬಳಸಬೇಕು. ಆಮೇಲೆ ಸಾಂದ್ರತೆ ತೆಗೆದರೆ ಚದರ ಕಿಮೀಗೆ 90ರ ಆಸುಪಾಸು ಬರಬೇಕು.

ಇನ್ನು ತಾಲೂಕು. ಇದು ಸಾಫ್ಟ್‌ವೇರ್ ತೊಂದರೆ ಅಲ್ಲ. ನಿಮ್ಮ ಗಡಿ ಕಡತ 1998ರ ಜನಗಣತಿ ಕಾಲದ್ದು. ಆಗ ಇದ್ದದ್ದು ಮಿಠಿ, ಡೀಪ್ಲೊ, ಛಾಛ್ರೊ, ನಗರ್‌ಪಾರ್ಕರ್, ನಾಲ್ಕೇ. ಆಮೇಲೆ ಇಸ್ಲಾಂಕೋಟ್, ಡಾಹ್ಲಿ, ಕಲೋಯಿ ಬೇರೆ ತಾಲೂಕಾದವು. 2017ರ ಪಟ್ಟಿಯಲ್ಲೂ ಏಳು, 2023ರಲ್ಲೂ ಏಳು. ಹಾಗಾಗಿ ಅಂಕಿ ಸೇರಿಕೊಂಡ ಡೀಪ್ಲೊ ಕೂಡ ನಿಜವಾಗಿ ಸರಿಯಾಗಿ ಸೇರಿಲ್ಲ. ನಕ್ಷೆಯಲ್ಲಿರುವುದು ಹಳೆಯ ದೊಡ್ಡ ಡೀಪ್ಲೊ, ಅದಕ್ಕೆ ಅಂಟಿಸಿರುವುದು ಕಲೋಯಿ ಕಳೆದು ಉಳಿದ ಚಿಕ್ಕ ಡೀಪ್ಲೊದ ಜನಸಂಖ್ಯೆ. ಖಾಲಿ ಇರುವುದಕ್ಕಿಂತ ಇದು ಅಪಾಯ, ಏಕೆಂದರೆ ನೋಡಿದರೆ ಸರಿಯಾಗಿಯೇ ಕಾಣುತ್ತದೆ.

ಖಾಲಿ ಬಿದ್ದ ಎರಡಕ್ಕೆ ಕಾಗುಣಿತ ಕಾರಣ. ಛಾಛ್ರೊ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ನಗರ್‌ಪಾರ್ಕರ್ ಕೆಲವೆಡೆ ಒಂದು ಪದ, ಕೆಲವೆಡೆ ಎರಡು. ಹಿಂದೆ ತಾಲೂಕಾ ಅನ್ನುವ ಪದ ಬೇರೆ ಅಂಟಿರುತ್ತದೆ. ಏಳು ಸಾಲಿನ ಒಂದು ಚಿಕ್ಕ ಪಟ್ಟಿ ಮಾಡಿ, ಪ್ರತಿ ತಾಲೂಕಿಗೆ ನಿಮ್ಮದೇ ಒಂದು ಕೋಡ್ ಕೊಡಿ, ಅದರ ಮೇಲೆ ಜಾಯಿನ್ ಮಾಡಿ. ಹೆಸರನ್ನು ನಂಬಬೇಡಿ.

ಎರೆಮಣ್ಣು

ಸಾಂದ್ರತೆ ಸರಿಯಾಯ್ತು ಸರ್, 90 ಚಿಲ್ಲರೆ ಬಂತು. ಏಳು ತಾಲೂಕಿನ ಹೊಸ ಗಡಿ ಕಡತವೂ ಸಿಕ್ಕಿತು. ಆದರೆ ನನಗೆ 1998ರ ಜೊತೆ ಹೋಲಿಸಬೇಕು. ಆಗ 9.14 ಲಕ್ಷ, 2017ರಲ್ಲಿ ಸುಮಾರು 16.5 ಲಕ್ಷ. 19 ವರ್ಷದಲ್ಲಿ ಇಷ್ಟು ಏರಿಕೆ ನೋಡಿದರೆ ಜಿಲ್ಲೆಯ ಗಡಿಯೇ ಬದಲಾಗಿರಬೇಕು ಅನಿಸುತ್ತದೆ, ಅಲ್ವಾ?

ಸರ್ವೆಕಲ್ಲು

ಇಲ್ಲ. 1998 ಮತ್ತು 2017ರ ನಡುವೆ ಒಳಗಿನ ತಾಲೂಕುಗಳು ಒಡೆದವೇ ಹೊರತು ಜಿಲ್ಲೆ ಅದೇ. ವರ್ಷಕ್ಕೆ ನೂರಕ್ಕೆ ಮೂರರಷ್ಟು ಬೆಳವಣಿಗೆ, ಗಣತಿಯ ಅಂಕಿಯೇ ಹಾಗಿದೆ. 2017ರಿಂದ 2023ಕ್ಕೆ ಅದು ಒಂದೂಕಾಲರ ಆಸುಪಾಸಿಗೆ ಇಳಿದಿದೆ. ಅಂಕಿ ತಿದ್ದಲು ಹೋಗಬೇಡಿ, ಇದ್ದದ್ದನ್ನು ಇದ್ದ ಹಾಗೆ ಹಾಕಿ.

2017ಕ್ಕೆ ಎರಡು ಬೇರೆ ಮೊತ್ತ ಸಿಕ್ಕರೂ ಗಾಬರಿ ಬೇಡ. ಮೊದಲು ತಾತ್ಕಾಲಿಕ ಅಂಕಿ ಬಂತು, ಆಮೇಲೆ ಅಂತಿಮ. ಇಡೀ ದೇಶದ ಮೊತ್ತವೇ ಸ್ವಲ್ಪ ಕಡಿಮೆಯಾಯಿತು. ಅಂತಿಮವನ್ನೇ ಬಳಸಿ.

ತಾಲೂಕುವಾರು ಹೋಲಿಕೆಗೆ ಹೊಸದನ್ನು ಹಳೆಯದಕ್ಕೆ ಮಡಚಬೇಕು. ಡಾಹ್ಲಿಯನ್ನು ಛಾಛ್ರೊಗೆ, ಕಲೋಯಿಯನ್ನು ಡೀಪ್ಲೊಗೆ ಸೇರಿಸಿ. ಇಸ್ಲಾಂಕೋಟ್ ಊರು ಹಿಂದೆ ಮಿಠಿ ತಾಲೂಕಿನಲ್ಲಿತ್ತು. ಅದನ್ನು ಸೇರಿಸುವ ಮುಂಚೆ ಹೊಸ ಗಡಿಯನ್ನು ಹಳೆಯದರ ಮೇಲೆ ಇಟ್ಟು ಗೆರೆ ಎಲ್ಲಿ ಹಾಯುತ್ತದೆ ಕಣ್ಣಾರೆ ನೋಡಿ. ಪಕ್ಕದ ತಾಲೂಕಿನೊಳಗೆ ಚಾಚಿದ್ದರೆ ಆ ದೇಹ್‌ಗಳನ್ನು ಬೇರೆ ಎಣಿಸಬೇಕಾಗುತ್ತದೆ. ಹೊಂದಿದರೆ ಡಿಸಾಲ್ವ್ ಮಾಡಿ, ಅಂದರೆ ನಡುವಿನ ಗೆರೆ ಅಳಿಸಿ ಒಂದಾಗಿಸಿ.

ಎರೆಮಣ್ಣು

ದೇಹ್ ಅಂದರೆ? ಇನ್ನೊಂದು, 1901ರ ಗಣತಿಯಲ್ಲಿ ಥಾರ್ ಮತ್ತು ಪಾರ್ಕರ್ ಜಿಲ್ಲೆ 13 ಸಾವಿರ ಚದರ ಮೈಲಿಗಿಂತ ದೊಡ್ಡದು. ಅಂದರೆ ಈಗಿನದಕ್ಕಿಂತ ಎಷ್ಟೋ ಜಾಸ್ತಿ. ಜನ ಮಾತ್ರ 3.64 ಲಕ್ಷ. ಇದನ್ನು ಸರಣಿಗೆ ಹೇಗೆ ಸೇರಿಸಲಿ?

ದಿಬ್ಬದಾಚೆ

ಸೇರಿಸಬೇಡಿ! ಹೆಸರು ಒಂದೇ, ನೆಲ ಬೇರೆ.

ಆ ಹಳೆಯ ಜಿಲ್ಲೆಯಲ್ಲಿ ಮರಳುಗಾಡೂ ಇತ್ತು, ನಾರಾ ನಾಲೆಯ ನೀರು ಹರಿಯುವ ಹೊಲಗಳೂ ಇದ್ದವು. ಜಿಲ್ಲಾ ಕೇಂದ್ರ ಮೊದಲು ಉಮರ್‌ಕೋಟ್, 1906ರಿಂದ ಮೀರ್‌ಪುರ್‌ಖಾಸ್. ಮಿಠಿ ಆಗ ಬರೀ ತಾಲೂಕು ಊರು. 1953ರಲ್ಲಿ ಸಾಂಘರ್ ಜಿಲ್ಲೆ ಆದಾಗ ಉತ್ತರದ ಭಾಗ ಹೋಯಿತು. 1990ರಲ್ಲಿ ಮೀರ್‌ಪುರ್‌ಖಾಸ್ ಬೇರೆಯಾಯಿತು, ಥಾರ್‌ಪಾರ್ಕರ್‌ಗೆ ಮಿಠಿ ಕೇಂದ್ರವಾಯಿತು. 1993ರಲ್ಲಿ ಉಮರ್‌ಕೋಟ್ ಹೊರಟಿತು. ಉಳಿದದ್ದು ಹೆಚ್ಚುಕಡಿಮೆ ಮರಳು, ಕಲ್ಲುಗುಡ್ಡ, ಉಪ್ಪು ಬಯಲು. ಹಾಗಾಗಿ 1981ರ ಜಿಲ್ಲಾ ಮೊತ್ತವನ್ನು 1998ರ ಪಕ್ಕ ಇಟ್ಟರೆ ಜನ ಮಾಯವಾದಂತೆ ಕಾಣುತ್ತದೆ. ತಾಲೂಕು ಮಟ್ಟದಿಂದ ಕಟ್ಟಿಕೊಂಡು ಬಂದರೆ ಮಾತ್ರ ಸರಣಿ ನಿಲ್ಲುತ್ತದೆ.

1972 ಇನ್ನೊಂದು ಗುಂಡಿ. 1971ರ ಯುದ್ಧದಲ್ಲಿ ಛಾಛ್ರೊ, ನಗರ್‌ಪಾರ್ಕರ್ ಸೇರಿದಂತೆ ಥಾರ್‌ನ ದೊಡ್ಡ ಭಾಗ ಭಾರತೀಯ ಸೇನೆಯ ಕೈಯಲ್ಲಿತ್ತು. ಪಾಕಿಸ್ತಾನದ ಗಣತಿ ನಡೆದದ್ದು 1972ರ ಸೆಪ್ಟೆಂಬರ್‌ನಲ್ಲಿ. ಶಿಮ್ಲಾ ಒಪ್ಪಂದದ ಪ್ರಕಾರ ನೆಲ ವಾಪಸ್ ಹೋದದ್ದು ಡಿಸೆಂಬರ್‌ನಲ್ಲಿ. ಆ ವರ್ಷವನ್ನು ಗ್ರಾಫಿನಲ್ಲಿ ಬಿಟ್ಟುಬಿಡುವುದೇ ಮೇಲು.

ದೇಹ್ ಅಂದರೆ ಕಂದಾಯ ಗ್ರಾಮ. ಕೆಲವು ದೇಹ್ ಸೇರಿ ಒಂದು ತಾಪಾ, ಅದರ ಲೆಕ್ಕ ಇಡುವವನು ತಾಪೇದಾರ್. ನಮ್ಮ ಕಡೆಯ ತಲಾಟಿ ಅಂದುಕೊಳ್ಳಿ. ತಾಲೂಕಿಗೆ ಮುಖ್ತಿಯಾರ್‌ಕಾರ್, ಅಂದರೆ ನಮ್ಮ ತಹಶೀಲ್ದಾರ್ ಜಾಗ. ಮೇಲೆ ಅಸಿಸ್ಟೆಂಟ್ ಕಮಿಷನರ್, ಡೆಪ್ಯುಟಿ ಕಮಿಷನರ್. ಪಂಜಾಬಿನಲ್ಲಿ ತಹಸೀಲ್ ಅನ್ನುತ್ತಾರೆ, ಸಿಂಧ್‌ನಲ್ಲಿ ಮಾತ್ರ ತಾಲೂಕಾ ಉಳಿದಿದೆ. ಇದು ನಿಮ್ಮ ಮುಂಬೈ ಪ್ರಾಂತ್ಯದ ಉಳಿಕೆ, ನಕ್ಷೆಯ ಟಿಪ್ಪಣಿಯಲ್ಲಿ ಹಾಕಬಹುದು.

ಒಂದು ದೇಹ್‌ನಲ್ಲಿ ಹಲವು ಊರು ಇರುತ್ತವೆ. ದೇಹ್ ಗಡಿಯನ್ನು ಊರಿನ ಗಡಿ ಅಂತ ಬಣ್ಣ ತುಂಬಬೇಡಿ. ಯೂನಿಯನ್ ಕೌನ್ಸಿಲ್ ಬೇರೆಯೇ ಏಣಿ, ಅದು ಸ್ಥಳೀಯ ಸಂಸ್ಥೆ. ಎರಡನ್ನೂ ಒಂದೇ ಲೇಯರಿನಲ್ಲಿ ಕಲಸಿದರೆ ಯಾವುದೂ ಕೂಡುವುದಿಲ್ಲ.

ಗುಂಡುಸೂಜಿ

ಇಲ್ಲಿ ಒಂದು ಸಣ್ಣ ಪ್ರಶ್ನೆ. ನನ್ನ ಹಳೆಯ ಕಡತವೊಂದರಲ್ಲಿ ಡಿವಿಷನ್ (ಕೆಲವು ಜಿಲ್ಲೆಗಳ ವಿಭಾಗ) ಕಾಲಂ ಖಾಲಿ ಇದೆ, ಜಿಲ್ಲಾ ಮುಖ್ಯಸ್ಥರನ್ನು ಡಿಸಿಒ (ಡಿಸ್ಟ್ರಿಕ್ಟ್ ಕೋಆರ್ಡಿನೇಷನ್ ಆಫೀಸರ್) ಅಂತ ಬರೆದಿದೆ. ಕೆಟ್ಟ ಕಡತವಾ?

ದಿಬ್ಬದಾಚೆ

ಕೆಟ್ಟದ್ದಲ್ಲ, ಮುಷರ್ರಫ್ ಕಾಲದ್ದು. ಆಗ ಡಿವಿಷನ್‌ಗಳನ್ನು ತೆಗೆದು ಚುನಾಯಿತ ನಾಜಿಮ್ (ಮೇಯರ್‌ನಂಥ ಮುಖ್ಯಸ್ಥ) ವ್ಯವಸ್ಥೆ ತಂದರು. 2011ರಲ್ಲಿ ಸಿಂಧ್ ಮತ್ತೆ ಕಮಿಷನರ್ ಪದ್ಧತಿಗೆ ಹೋಯಿತು. ಈಗ ಥಾರ್‌ಪಾರ್ಕರ್, ಉಮರ್‌ಕೋಟ್, ಮೀರ್‌ಪುರ್‌ಖಾಸ್ ಮೂರೂ ಸೇರಿ ಮೀರ್‌ಪುರ್‌ಖಾಸ್ ಡಿವಿಷನ್. ಆ ನಡುವಿನ ಕಾಲದ ಕಡತದಲ್ಲಿ ಉಮರ್‌ಕೋಟ್ ಕಾಣದೇ ಇದ್ದರೂ ಆಶ್ಚರ್ಯ ಬೇಡ, ಅದನ್ನು ಕೆಲವು ವರ್ಷ ರದ್ದು ಮಾಡಿದ್ದರು.

ಎರೆಮಣ್ಣು

ಇಷ್ಟೆಲ್ಲ ಕೇಳಿ ಆಯ್ತು, ಇನ್ನೆರಡು ಕೇಳಿಬಿಡುತ್ತೇನೆ. ಧರ್ಮದ ಪೈ ಚಾರ್ಟ್‌ನಲ್ಲಿ ಹಿಂದೂಗಳು ನಾನು ಓದಿದ್ದಕ್ಕಿಂತ ಕಡಿಮೆ ಬರುತ್ತಿದ್ದಾರೆ. ಭಾಷೆಯ ನಕ್ಷೆ ಇಡೀ ಒಂದೇ ಬಣ್ಣ. ಇನ್ನು ಡಾಟ್ ಡೆನ್ಸಿಟಿ (ಇಷ್ಟು ಜನಕ್ಕೆ ಒಂದು ಚುಕ್ಕಿ) ಹಾಕಿದರೆ ಅರ್ಧ ಚುಕ್ಕಿ ರಣ್ ಮೇಲೆ ಬೀಳುತ್ತಿವೆ.

ಸರ್ವೆಕಲ್ಲು

ಎರಡು ಅಂದು ಮೂರು ಕೇಳಿದಿರಿ :)

ಧರ್ಮದ ಪಟ್ಟಿಯಲ್ಲಿ ಹಿಂದೂ ಒಂದು ಕಾಲಂ, ಪರಿಶಿಷ್ಟ ಜಾತಿ ಇನ್ನೊಂದು. ಪಾಕಿಸ್ತಾನದ ಗಣತಿ ಇವೆರಡನ್ನೂ ಬೇರೆ ಬೇರೆ ಎಣಿಸುತ್ತದೆ. ಮೇಘವಾರ್, ಕೊಲ್ಹಿ, ಭೀಲ್ ಜನ ಇರುವ ಜಿಲ್ಲೆಯಲ್ಲಿ ಎರಡನೆಯ ಕಾಲಂ ಬಿಟ್ಟರೆ ಚಿತ್ರವೇ ತಪ್ಪುತ್ತದೆ. ಕೂಡಿಸಿದರೆ 2017ಕ್ಕೆ ನೂರಕ್ಕೆ ಸುಮಾರು 43 ಬರುತ್ತದೆ.

ಭಾಷೆ ನಿಮ್ಮ ತಪ್ಪಲ್ಲ. ಅಲ್ಲಿ ಮನೆಮಾತು ಎಷ್ಟೋ ಜನರಿಗೆ ಢಾಟ್ಕಿ, ನಗರ್‌ಪಾರ್ಕರ್ ಕಡೆ ಪಾರ್ಕರಿ ಕೋಲಿ. ಫಾರಂನಲ್ಲಿ ಅವಕ್ಕೆ ಕಾಲಂ ಇಲ್ಲ. ಎಲ್ಲ ಸಿಂಧಿಯಲ್ಲಿ ಹೋಗಿ ಬೀಳುತ್ತದೆ. ಆ ನಕ್ಷೆ ಮಾಡದಿರುವುದೇ ಒಳ್ಳೆಯದು.

ದಿಬ್ಬದಾಚೆ

ಚುಕ್ಕಿಗೆ ನಾನು ಹೇಳುತ್ತೇನೆ. ಕ್ಯೂಜಿಐಎಸ್ ತಾಲೂಕಿನ ಗಡಿಯೊಳಗೆ ಎಲ್ಲೆಂದರಲ್ಲಿ ಚುಕ್ಕಿ ಎರಚುತ್ತದೆ. ಜನ ಹಾಗೆ ಇರುವುದಿಲ್ಲ. ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನ ಹಳ್ಳಿಗಳಲ್ಲಿ ಇದ್ದಾರೆ. ಹಳ್ಳಿ ಇರುವುದು ದಿಬ್ಬದ ಮೇಲಲ್ಲ, ದಿಬ್ಬಗಳ ನಡುವಿನ ತಗ್ಗಿನಲ್ಲಿ, ಬಾವಿಯ ಹತ್ತಿರ. ಅಲ್ಲೇ ಮಳೆ ಬಂದಾಗ ಸಜ್ಜೆ, ಗೋರಿಕಾಯಿ ಬಿತ್ತುತ್ತಾರೆ. ಬಾವಿ ನೀರೂ ಬಹಳ ಕಡೆ ಉಪ್ಪು. ಮಳೆ ಕೈಕೊಟ್ಟ ವರ್ಷ ದನ ಹೊಡೆದುಕೊಂಡು ನಾಲೆ ನೀರಿನ ಜಿಲ್ಲೆಗಳಿಗೆ ಗುಳೆ ಹೋಗುತ್ತಾರೆ. ಗಣತಿಯ ಚುಕ್ಕಿ ವರ್ಷವಿಡೀ ಅಲ್ಲೇ ಕೂತಿರುವುದಿಲ್ಲ.

ಮೊದಲು ರಣ್ ಭಾಗವನ್ನೂ ಕಾರೂಂಝರ್ ಗುಡ್ಡವನ್ನೂ ಕತ್ತರಿಸಿ ಹೊರಗಿಡಿ, ಅದಕ್ಕೆ ಕತ್ತರಿಸುವ ಡಿಫರೆನ್ಸ್ ಟೂಲ್ ಸಾಕು. ಕಾರೂಂಝರ್ ಅಂದರೆ ನಗರ್‌ಪಾರ್ಕರ್ ಪಕ್ಕದ ಗ್ರಾನೈಟ್ ಗುಡ್ಡ, ಸುಮಾರು 300 ಮೀಟರ್. ಆಮೇಲೆ ಊರುಗಳ ಬಿಂದುಗಳ ಸುತ್ತ ಒಂದೆರಡು ಕಿಮೀ ಬಫರ್ (ಸುತ್ತಲಿನ ವಲಯ) ಹಾಕಿ, ಚುಕ್ಕಿಗಳನ್ನು ಅದರೊಳಗೇ ಬೀಳಿಸಿ. ಇಸ್ಲಾಂಕೋಟ್ ಹತ್ತಿರ 2019ರಲ್ಲಿ ಕಲ್ಲಿದ್ದಲು ವಿದ್ಯುತ್ ಸ್ಥಾವರ ಶುರುವಾಗಿದೆ. ಅಲ್ಲಿನ ಗಣಿ ಗುಂಡಿ ಉಪಗ್ರಹ ಚಿತ್ರದಲ್ಲಿ ದೊಡ್ಡದಾಗಿ ಕಾಣುತ್ತದೆ, ಅದನ್ನೂ ತೆಗೆಯಿರಿ. ಕಲೋಯಿ ಕಡೆ ಮಾತ್ರ ಬ್ಯಾರೇಜ್ ನೀರು ಬರುತ್ತದೆ. ಅಲ್ಲಿ ಬಫರ್ ಬೇಡ, ಹೊಲದ ಪ್ರದೇಶ ಪೂರ್ತಿ ತೆಗೆದುಕೊಳ್ಳಬಹುದು.

ದಕ್ಷಿಣದ ಗಡಿ ಗೆರೆ 1968ಕ್ಕಿಂತ ಹಳೆಯ ನಕ್ಷೆಯಿಂದ ಎಳೆದಿದ್ದರೆ ಅದನ್ನೂ ನೋಡಿಕೊಳ್ಳಿ. ಆ ವರ್ಷ ರಣ್ ವಿವಾದದ ತೀರ್ಪು ಬಂದು, ಪಾಕಿಸ್ತಾನ ಕೇಳಿದ್ದರಲ್ಲಿ ಸುಮಾರು ಹತ್ತನೇ ಒಂದು ಭಾಗ ಅದಕ್ಕೆ ಹೋಯಿತು. ಸರ್ ಕ್ರೀಕ್ ಎಂಬ ಅಳಿವೆಯ ಗಡಿ ತಂಟೆ ಪಶ್ಚಿಮಕ್ಕೆ ಸಮುದ್ರದ ಕಡೆ, ಈ ಜಿಲ್ಲೆಗೆ ಸಂಬಂಧ ಇಲ್ಲ.

ಎರೆಮಣ್ಣು

ಡಿಫರೆನ್ಸ್ ಕೊಟ್ಟರೆ ಇನ್‌ವ್ಯಾಲಿಡ್ ಜಿಯೋಮೆಟ್ರಿ ಅಂತ ನಿಲ್ಲುತ್ತಿದೆ, ನಗರ್‌ಪಾರ್ಕರ್ ಪಾಲಿಗನ್‌ನಲ್ಲಿ (ಗಡಿಯ ಆಕೃತಿಯಲ್ಲಿ).

ಗುಂಡುಸೂಜಿ

ರಣ್ ಅಂಚಿನಲ್ಲಿ ಗೆರೆ ತನ್ನ ಮೇಲೇ ಹಾಯ್ದಿರುತ್ತದೆ. ಫಿಕ್ಸ್ ಜಿಯೋಮೆಟ್ರೀಸ್ ಓಡಿಸಿ, ಬಂದ ಹೊಸ ಲೇಯರಿಗೆ ಡಿಫರೆನ್ಸ್ ಕೊಡಿ. ಆಮೇಲೆ ಜಿಲ್ಲೆಯ ವಿಸ್ತೀರ್ಣ ಇನ್ನೊಮ್ಮೆ ತೆಗೆದು ನೋಡಿ. ಕತ್ತರಿಸಿದ ಲೇಯರಿನ ವಿಸ್ತೀರ್ಣವನ್ನು ಸಾಂದ್ರತೆಯ ನಕ್ಷೆಗೆ ಬಳಸಬೇಡಿ, ಅದಕ್ಕೆ ಪೂರ್ತಿ ಲೇಯರೇ ಇರಲಿ.