ಪದಚರ್ಚೆ: ‘ಪುಟ ತೆರೆಯುತ್ತಿಲ್ಲ’ ಎಂಬ ಒಂದೇ ದೂರು, ಅದರೊಳಗಿನ ಬೇರೆ ಬೇರೆ ತೊಂದರೆಗಳಿಗೆ ಬೇಕಾದ ಮಾತು

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಗ್ರಂಥಪಾಲಕರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿಯನ್ನು ಬರೆಯುತ್ತಿದ್ದೇನೆ. ಯಂತ್ರ ಸರಿಯಾಗಿಯೇ ನಡೆಯುತ್ತಿದ್ದು, ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲಿಯೂ ಯಾವ ಪುಟವೂ ತೆರೆಯದಿದ್ದಾಗ ಏನನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದು ಅದರ ಒಂದು ಅಧ್ಯಾಯ. ಅಲ್ಲಿ ಬರುವ ಕೆಲವು ಮಾತುಗಳ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ. ಚೆಂದದ ಪಾರಿಭಾಷಿಕ ಪದ ಕಟ್ಟುವುದು ನನ್ನ ಉದ್ದೇಶವಲ್ಲ. ಕೇಂದ್ರದಲ್ಲಿ ಕುಳಿತವರು ಪರದೆಯ ಮೇಲಿನ ಸಾಲನ್ನು ಫೋನಿನಲ್ಲಿ ಓದಿ ಹೇಳಿದರೆ, ತಾಲ್ಲೂಕಿನಲ್ಲಿರುವ ತಂತ್ರಜ್ಞರಿಗೆ ಕೆಲಸ ಎಲ್ಲಿ ನಿಂತಿದೆಯೆಂದು ಹೊಳೆಯಬೇಕು, ಅಷ್ಟು ಸಾಕು.

ನಮ್ಮ ಆಡುಮಾತಿನಲ್ಲಿ ಸದ್ಯಕ್ಕೆ ಇರುವುದು ‘ನೆಟ್ ಇಲ್ಲ’ ಮತ್ತು ‘ಸರ್ವರ್ ಇಲ್ಲ’ ಎಂಬ ಎರಡು ಮಾತುಗಳು. ಪಹಣಿಗೋ ಪಡಿತರಕ್ಕೋ ಸರದಿಯಲ್ಲಿ ನಿಂತವರಿಗೆಲ್ಲ ಎರಡನೆಯದರ ಪರಿಚಯವಿದೆ. ಅದನ್ನು ಕೇಳಿದವರು ಹೆಚ್ಚಿನ ವಿವರಣೆ ಬೇಡದೆ ನಾಳೆ ಬರುತ್ತೇವೆಂದು ಹೊರಡುತ್ತಾರೆ. ಮಾತಾಗಿ ಅದು ಚುರುಕಾಗಿದೆ, ಆದರೆ ವೈರು ಸಡಿಲವಾಗಿದ್ದರೂ, ರೀಚಾರ್ಜ್ ಮುಗಿದಿದ್ದರೂ, ದೂರದ ಯಂತ್ರ ನಿಂತಿದ್ದರೂ ಅದೇ ಮಾತು ಬರುವುದರಿಂದ ಕೈಪಿಡಿಗೆ ಉಪಯೋಗವಾಗದು.

ಮೊದಲ ತೊಡಕು ‘ರಿಸಾಲ್ವ್’ ಎಂಬುದರದು. ಕ್ರೋಮ್ ತೋರಿಸುವ ‘ನೇಮ್ ನಾಟ್ ರಿಸಾಲ್ವ್ಡ್’ ಎಂಬ ಸಂದೇಶವನ್ನು ಅನುವಾದಯಂತ್ರಕ್ಕೆ ಕೊಟ್ಟರೆ ‘ಹೆಸರನ್ನು ಪರಿಹರಿಸಲಾಗಿಲ್ಲ’ ಎಂಬ ಧಾಟಿಯ ವಾಕ್ಯ ಬರುತ್ತದೆ. ಕನ್ನಡದಲ್ಲಿ ಸಮಸ್ಯೆಯನ್ನು ಪರಿಹರಿಸುತ್ತೇವೆ, ವ್ಯಾಜ್ಯವನ್ನು ಪರಿಹರಿಸುತ್ತೇವೆ. ಹೆಸರನ್ನು ಪರಿಹರಿಸುವುದು ಎಂದರೆ ಏನೂ ಆಗುವುದಿಲ್ಲ. ನಡೆಯುವ ಕೆಲಸವಾದರೂ ಸರಳವಾದದ್ದು. ನಾವು ಟೈಪ್ ಮಾಡುವ ಅಕ್ಷರದ ಹೆಸರಿಗೆ ಯಾವ ಅಂಕಿಯ ವಿಳಾಸವಿದೆಯೆಂದು ಬ್ರೌಸರು ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ, ಉತ್ತರ ಬಂದ ಮೇಲೆ ಆ ಅಂಕಿಯನ್ನು ಹಿಡಿದು ಹೊರಡುತ್ತದೆ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಈ ವ್ಯವಸ್ಥೆಯನ್ನು ರೂಪಿಸುವ ಮುನ್ನ ಹೆಸರು ಮತ್ತು ಅಂಕಿಗಳ ಇಡೀ ಪಟ್ಟಿ ಒಂದೇ ಕಡತದಲ್ಲಿದ್ದು, ಅದನ್ನೇ ಎಲ್ಲ ಯಂತ್ರಗಳೂ ನಕಲು ಮಾಡಿಕೊಳ್ಳುತ್ತಿದ್ದವು. ಆ ಪಟ್ಟಿಯ ಪಳೆಯುಳಿಕೆ ಇಂದಿಗೂ ನಮ್ಮ ಕಂಪ್ಯೂಟರುಗಳಲ್ಲಿ ‘ಹೋಸ್ಟ್ಸ್’ ಎಂಬ ಕಡತವಾಗಿ ಉಳಿದಿದೆ, ಮತ್ತು ಯಾವುದಾದರೂ ಕಳ್ಳ ತಂತ್ರಾಂಶ ಅದರೊಳಗೆ ತಪ್ಪು ಅಂಕಿ ಬರೆದರೆ ಸರಿಯಾದ ಹೆಸರು ಟೈಪ್ ಮಾಡಿದವರೂ ಬೇರೆಲ್ಲಿಗೋ ಹೋಗುತ್ತಾರೆ. (ಈ ಕಡತವನ್ನು ‘ಆತಿಥೇಯರು’ ಎಂದು ಕನ್ನಡಿಸುವುದನ್ನು ದಯವಿಟ್ಟು ಯಾರೂ ಸೂಚಿಸಬಾರದು, ಮದುವೆಮನೆಯ ನೆನಪಾಗುತ್ತದೆ.)

ಈ ಕೆಲಸಕ್ಕೆ ‘ಹೆಸರು ಬಿಡಿಸು’ ಎಂದು ಒಬ್ಬ ಗೆಳೆಯರು ಸೂಚಿಸಿದ್ದಾರೆ. ಒಗಟು ಬಿಡಿಸುವ, ಗಂಟು ಬಿಡಿಸುವ ಅರ್ಥದಲ್ಲಿ ಅದು ಹತ್ತಿರದ ಮಾತೇ ಹೌದು, ಆದರೆ ಹೆಸರನ್ನು ಪಟ್ಟಿಯಿಂದ ಬಿಡಿಸುವುದು, ಅಂದರೆ ತೆಗೆದುಹಾಕಿಸುವುದು, ಎಂಬ ಇನ್ನೊಂದು ಬಳಕೆ ಗ್ರಾಮೀಣ ಕಚೇರಿಗಳಲ್ಲಿ ಹೆಚ್ಚು ಪರಿಚಿತವಾಗಿದೆ. ‘ವಿಳಾಸ ತಪ್ಪಾಗಿದೆ’ ಎಂದು ಬರೆದರೆ ಓದಿದವರು ತಮ್ಮ ಟೈಪಿಂಗನ್ನೇ ಮತ್ತೆ ಮತ್ತೆ ತಿದ್ದುತ್ತ ಕೂರುತ್ತಾರೆ. ಹೀಗಾಗಿ ನನ್ನ ಒಲವು ‘ಈ ಹೆಸರಿನ ವಿಳಾಸ ಸಿಗಲಿಲ್ಲ’ ಎಂಬುದರ ಕಡೆಗಿದೆ. ಆದರೆ ಅದರೊಳಗೂ ಎರಡು ಸಂಗತಿಗಳು ಬೆರೆತಿವೆ. ಡಿಎನ್‌ಎಸ್ ಸರ್ವರು ಉತ್ತರ ಕೊಟ್ಟು ‘ಅಂಥ ಹೆಸರೇ ಇಲ್ಲ’ ಎಂದು ಹೇಳುವುದು ಒಂದು. ಆ ಸರ್ವರೇ ಮಾತನಾಡದಿರುವುದು ಇನ್ನೊಂದು. ಮೊದಲನೆಯದರಲ್ಲಿ ಟೈಪಿಂಗ್ ನೋಡಬೇಕು. ಎರಡನೆಯದರಲ್ಲಿ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಸರ್ವರಿನ ವಿಳಾಸವಾದ 8.8.8.8ಕ್ಕೆ ಪಿಂಗ್ ಮಾಡಿ (ಅಂದರೆ ತಲುಪುತ್ತದೆಯೇ ಎಂದು ಚಿಕ್ಕ ಸಂದೇಶ ಕಳುಹಿಸಿ ನೋಡಿ), ಅಲ್ಲಿಂದ ಉತ್ತರ ಬರುತ್ತಿದ್ದರೆ ಸಂಪರ್ಕ ಸರಿಯಿದೆ, ಹೆಸರು ಹುಡುಕುವ ಸೌಲಭ್ಯ ಮಾತ್ರ ಕೆಟ್ಟಿದೆ ಎಂದು ತಿಳಿದು, ಡಿಎನ್‌ಎಸ್ ಸೆಟ್ಟಿಂಗ್ ಬದಲಿಸಬೇಕು. ಎರಡಕ್ಕೂ ‘ಸಿಗಲಿಲ್ಲ’ ಎಂದರೆ ಈ ಕವಲು ಮುಚ್ಚಿಹೋಗುತ್ತದೆ. ‘ಈ ಹೆಸರಿನ ತಾಣವಿಲ್ಲ’ ಮತ್ತು ‘ವಿಳಾಸ ಹೇಳುವ ಸರ್ವರ್ ಉತ್ತರಿಸಲಿಲ್ಲ’ ಎಂದು ಒಡೆದು ಬರೆದಿದ್ದೇನೆ. ಎರಡನೆಯದು ಉದ್ದವಾಯಿತೆಂಬ ಅಳುಕಿದೆ. ‘ಪುಟ ಸಿಗಲಿಲ್ಲ’ ಎಂಬುದನ್ನಂತೂ, ಕೇಳಿದ ಪುಟ ತನ್ನಲ್ಲಿಲ್ಲವೆಂದು ಸರ್ವರ್ ಹೇಳುವ 404 ಎಂಬ ಸಂಕೇತಕ್ಕೆ ಮಾತ್ರ ಮೀಸಲಿಟ್ಟಿದ್ದೇನೆ, ಏಕೆಂದರೆ ಆ ಸಂದೇಶ ಬಂದಿತೆಂದರೆ ಸರ್ವರನ್ನು ತಲುಪಿ ಅದರಿಂದ ಉತ್ತರವನ್ನೂ ಪಡೆದಂತಾಯಿತು, ನಮ್ಮ ಕಡೆಯ ಸಂಪರ್ಕದಲ್ಲಿ ಕೆಟ್ಟದ್ದೇನೂ ಇಲ್ಲ.

‘ಟೈಮ್ಡ್ ಔಟ್’ ಎಂಬುದು ಇದಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುತ್ತದೆ. ಅದಕ್ಕೆ ‘ಅವಧಿ ಮುಗಿದಿದೆ’ ಎಂಬ ಅನುವಾದ ಅಲ್ಲಲ್ಲಿ ಬಳಕೆಯಲ್ಲಿದೆ. ಅದನ್ನು ಓದಿದ ಸಾಮಾನ್ಯ ಬಳಕೆದಾರರಿಗೆ ಮೊದಲು ಹೊಳೆಯುವುದು ಡೇಟಾ ಪ್ಯಾಕು, ಮತ್ತು ಅವರು ರೀಚಾರ್ಜ್ ಮಾಡಿಸಲು ಹೋದರೂ ಆಶ್ಚರ್ಯವಿಲ್ಲ. ತಂತ್ರಜ್ಞರಿಗೆ ಹೊಳೆಯುವುದು, ತಾಣ ಅಸಲಿಯೆಂದು ಬ್ರೌಸರಿಗೆ ತೋರಿಸುವ ಸುರಕ್ಷತಾ ಪ್ರಮಾಣಪತ್ರ, ಏಕೆಂದರೆ ಅದಕ್ಕೂ ನಿಜವಾಗಿಯೇ ಒಂದು ಅವಧಿ ಇರುತ್ತದೆ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿರುವ ಚಿಕ್ಕ ಸೆಲ್ ಸತ್ತು, ಯಂತ್ರದ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋದಾಗ ಬ್ರೌಸರುಗಳು ಸುರಕ್ಷಿತ ತಾಣಗಳನ್ನು ತೆರೆಯಲು ಒಪ್ಪುವುದಿಲ್ಲ. ಆ ದಿನಾಂಕದ ಲೆಕ್ಕದಲ್ಲಿ ಪ್ರಮಾಣಪತ್ರದ ಅವಧಿ ಇನ್ನೂ ಆರಂಭವೇ ಆಗಿರುವುದಿಲ್ಲ. ಇಲ್ಲಿ ನೋಡಬೇಕಾದದ್ದು ಪರದೆಯ ಮೂಲೆಯ ದಿನಾಂಕ, ಡಿಎನ್‌ಎಸ್ ಅಲ್ಲ. ಆದ್ದರಿಂದ ‘ಅವಧಿ’ ಎಂಬ ಪದವನ್ನು ಪ್ರಮಾಣಪತ್ರಕ್ಕೆ ಬಿಟ್ಟುಕೊಟ್ಟು, ಟೈಮ್ಡ್ ಔಟ್‌ಗೆ ‘ಕಾದರೂ ಉತ್ತರ ಬರಲಿಲ್ಲ’ ಎಂದು ಬರೆಯಬಹುದೇ ಎಂಬುದು ನನ್ನ ಪ್ರಶ್ನೆ.

ಅದರ ಜೊತೆಗೇ ಬರುವ ‘ಕನೆಕ್ಷನ್ ರಿಫ್ಯೂಸ್ಡ್’ ಎಂಬುದನ್ನು ‘ಸಂಪರ್ಕ ನಿರಾಕರಿಸಲಾಗಿದೆ’ ಎನ್ನುವುದು ವಾಡಿಕೆ. ಫೋನ್ ಎತ್ತಲಿಲ್ಲ ಎಂಬುದಕ್ಕೂ ಕಟ್ ಮಾಡಿದರು ಎಂಬುದಕ್ಕೂ ಇರುವ ವ್ಯತ್ಯಾಸವೇ ಇವೆರಡರ ನಡುವೆಯೂ ಇದೆ: ಒಂದರಲ್ಲಿ ಆ ಕಡೆಯಿಂದ ಸದ್ದೇ ಇಲ್ಲ, ಇನ್ನೊಂದರಲ್ಲಿ ಯಂತ್ರ ಸಿಕ್ಕಿದೆ, ಆದರೆ ಬೇಡವೆಂಬ ಉತ್ತರ ಆ ಕ್ಷಣವೇ ಬಂದಿದೆ. ‘ನಿರಾಕರಿಸಲಾಗಿದೆ’ ಎಂದಾಗ ಮಾತ್ರ, ನಮಗೆ ಪ್ರವೇಶ ನಿಷೇಧಿಸಿದ್ದಾರೆ ಎಂಬ ಧ್ವನಿ ಕೇಳಿಸುತ್ತದೆ. ಅದು, ಈ ಪುಟ ನೋಡಲು ಅನುಮತಿಯಿಲ್ಲವೆಂದು ಸರ್ವರ್ ಹೇಳುವ 403 ಎಂಬ ಸಂಕೇತಕ್ಕೆ ಸಲ್ಲುವ ಅರ್ಥ. ಇಲ್ಲಿ ನಿಷೇಧವೇನೂ ಇಲ್ಲದಿರಬಹುದು, ಆ ಯಂತ್ರದಲ್ಲಿ ಪುಟ ಕೊಡುವ ತಂತ್ರಾಂಶ ಚಾಲನೆಯಲ್ಲಿಲ್ಲ, ಅಷ್ಟೇ. ಇದಕ್ಕೆ ಒಪ್ಪುವ ಚಿಕ್ಕ ಮಾತು ನನಗೆ ಇನ್ನೂ ದೊರೆತಿಲ್ಲ.

ನಮ್ಮ ಪರವಾಗಿ ಪುಟ ತಂದುಕೊಡುವ ನಡುವಿನ ಸರ್ವರಿನ ಹೆಸರಾದ ‘ಪ್ರಾಕ್ಸಿ’ಯನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ಕಾಲೇಜಿನಲ್ಲಿ ಗೆಳೆಯನ ಹಾಜರಿಗೆ ‘ಪ್ರಾಕ್ಸಿ ಹಾಕಿದ’ ತಲೆಮಾರಿಗೆ ಅದರ ಅರ್ಥ ಹೇಳಿಕೊಡಬೇಕಾಗಿಲ್ಲ. ಪಿಂಗ್‌ಗೆ ಉತ್ತರ ಬರುತ್ತಿದ್ದು, ಹೆಸರಿಗೆ ಅಂಕಿಯೂ ಸಿಗುತ್ತಿದ್ದು, ಆದರೂ ಎಲ್ಲ ಬ್ರೌಸರುಗಳೂ ಸೋತಿದ್ದರೆ ಹಿಂದೆ ಯಾರೋ ಹಾಕಿ ಮರೆತ ಪ್ರಾಕ್ಸಿ ಸೆಟ್ಟಿಂಗನ್ನು ಅನುಮಾನಿಸಬೇಕು ಎಂದಷ್ಟೇ ಕೈಪಿಡಿಯಲ್ಲಿದೆ.

ಪದಗಳಿಗಿಂತ ಕ್ರಿಯಾರೂಪಗಳ ವಿಷಯದಲ್ಲಿ ತಮ್ಮ ಗಮನವನ್ನು ಹೆಚ್ಚಾಗಿ ಬೇಡುತ್ತೇನೆ. ‘ತಾಣವನ್ನು ತಲುಪಲಾಗುವುದಿಲ್ಲ’ ಎಂಬ ರೂಪ ತಂತ್ರಾಂಶಗಳ ಕನ್ನಡದಲ್ಲಿ ಬೇರೂರಿದೆ. ನನ್ನ ಕಿವಿಗೆ ಅದು ಇಂದೂ ಆಗದು, ನಾಳೆಯೂ ಆಗದು ಎಂಬ ತೀರ್ಪಿನಂತೆ ಕೇಳಿಸುತ್ತದೆ. ‘ಸಾಧ್ಯವಿಲ್ಲ’ ಎಂಬುದೂ ಹಾಗೆಯೇ. ಬ್ರೌಸರಿಗೆ ಗೊತ್ತಿರುವುದು ಈಗ ಮಾಡಿದ ಒಂದು ಪ್ರಯತ್ನ ವಿಫಲವಾಯಿತೆಂಬುದು ಮಾತ್ರ. ಅದನ್ನು ‘ತಲುಪಲಾಗಲಿಲ್ಲ’ ಎಂಬ ಭೂತಕಾಲದ ರೂಪ ಸರಿಯಾಗಿ ಹೇಳುತ್ತದೆ, ಮತ್ತೊಮ್ಮೆ ಪ್ರಯತ್ನಿಸುವುದಕ್ಕೂ ಎಡೆ ಬಿಡುತ್ತದೆ. ಬಳಕೆದಾರರ ದೂರಿನಲ್ಲಿಯೂ ಈ ವ್ಯತ್ಯಾಸ ನೆರವಾಗುತ್ತದೆ. ‘ಪುಟ ತೆರೆಯುವುದಿಲ್ಲ’ ಎಂದವರನ್ನು ಎಂದಿನಿಂದ ಎಂದು ಕೇಳಬೇಕು. ‘ತೆರೆಯುತ್ತಿಲ್ಲ’ ಎಂದವರನ್ನು ಇದಕ್ಕೆ ಮುಂಚೆ ಯಾವಾಗ ತೆರೆದಿತ್ತು, ನಡುವೆ ಏನು ಬದಲಾಯಿತು ಎಂದು ಕೇಳಬೇಕು. ವ್ಯಾಕರಣ ಬಲ್ಲವರು ‘-ಲಾಗುವುದಿಲ್ಲ’ ರೂಪದಲ್ಲಿ ನನಗೆ ಕೇಳಿಸುವ ಈ ಶಾಶ್ವತದ ಧ್ವನಿ ನಿಜವಾಗಿಯೂ ಇದೆಯೇ, ಅಥವಾ ಅದು ಹಳೇ ಮೈಸೂರು ಕಡೆಯ ಕಿವಿಯ ಅಭ್ಯಾಸವೇ ಎಂಬುದನ್ನು ತಿಳಿಸಬೇಕು.

ಕೊನೆಯದಾಗಿ ಅಧ್ಯಾಯದ ಹೆಸರು. ‘ದೋಷನಿವಾರಣೆ’ ಎಂದು ಕೈಪಿಡಿಗಳಲ್ಲಿ ಅಚ್ಚಾಗುತ್ತಿದೆ. ಸರ್ಪದೋಷ, ಕುಜದೋಷಗಳ ಫಲಕಗಳನ್ನು ನೋಡಿ ಬೆಳೆದವರಿಗೆ ಅದು ಬೇರೆಯೇ ಸೇವೆಯನ್ನು ನೆನಪಿಸುತ್ತದೆ ಎಂಬುದನ್ನು ಬದಿಗಿಟ್ಟರೂ, ಆ ಪದ ನಿವಾರಣೆಯನ್ನು ಹೇಳುತ್ತದೆಯೇ ಹೊರತು ಹುಡುಕುವುದನ್ನು ಹೇಳುವುದಿಲ್ಲ. ಈ ಅಧ್ಯಾಯದ ಮುಕ್ಕಾಲು ಪಾಲು ಹುಡುಕಾಟವೇ ಆಗಿದೆ. ಕರೆಂಟ್ ಹೋದಾಗ ಲೈನ್‌ಮನ್‌ಗಳು ‘ಫಾಲ್ಟ್ ಹುಡುಕುತ್ತಿದ್ದೇವೆ’ ಎನ್ನುತ್ತಾರೆ, ಊರಿಗೆಲ್ಲ ಅದು ಅರ್ಥವಾಗುತ್ತದೆ. ‘ಫಾಲ್ಟ್ ಹುಡುಕುವ ಕ್ರಮ’ ಎಂದು ಅಧ್ಯಾಯಕ್ಕೆ ಹೆಸರಿಟ್ಟರೆ ಬಳಗದ ಹಿರಿಯರಿಗೆ ಆಕ್ಷೇಪವಿದೆಯೇ? ‘ದೋಷಪತ್ತೆ’ ಎಂಬುದೂ ನನ್ನ ಪಟ್ಟಿಯಲ್ಲಿದೆ, ಆದರೆ ಅದನ್ನು ಯಾರ ಬಾಯಲ್ಲಿಯೂ ಕೇಳಿಲ್ಲ.

ಪುಟ ಬಾರದೆ ಚಕ್ರ ಸುತ್ತುತ್ತಲೇ ಇರುವ ಸ್ಥಿತಿಗೆ ಕರಾವಳಿಯಲ್ಲಿ, ಧಾರವಾಡ ಮತ್ತು ಕಲಬುರಗಿ ಕಡೆಗಳಲ್ಲಿ ಜನ ಏನೆನ್ನುತ್ತಾರೆ ಎಂಬುದನ್ನೂ ಅಲ್ಲಿನ ಸದಸ್ಯರು ಬರೆದು ತಿಳಿಸಬೇಕಾಗಿ ಕೋರುತ್ತೇನೆ. ‘ಸುತ್ತುತ್ತಿದೆ’ ಎಂಬುದು ಎಲ್ಲ ಕಡೆ ನಡೆಯುವುದಾದರೆ ‘ಲೋಡ್ ಆಗುತ್ತಿದೆ’ ಎಂಬುದನ್ನು ಕೈಬಿಡುತ್ತೇನೆ.

ವಂದನೆಗಳೊಂದಿಗೆ.